ಹಾಡಿದ್ದಕ್ಕೆ ಹಾಸ್ಟೆಲ್ ಬಿಟ್ಟವರು

ಹೋದ ವಾರ ಸುಲೇಪೇಟದಿಂದ, ಡಿಗ್ರಿ ಓದೋ ತಮ್ಮ ಒಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ಕಾಲೇಜ್ ಗೇಟಿನಾಗ ಪೊಲೀಸ್ ಜೀಪ್ ನಿಂತ್ರ ಬೋರ್ಡ್ ಹಿಡಿಲಿಕ್ಕೂ ಹೆದರಿಕಿ ಆಗ್ತದ. ಕೇಸ್ ಬಿದ್ರ ನೌಕರಿ ಗತಿ ಏನು?"

ಈ ಹೆದರಿಕೆ ಸುಳ್ಳಲ್ಲ. ಹೊಸದೂ ಅಲ್ಲ.

1938ಕ್ಕೆ ಹೋಗೋಣ. ಆಗ ಸುಲೇಪೇಟ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಇಡೀ ಸಂಸ್ಥಾನಕ್ಕೆ ಒಂದೇ ವಿಶ್ವವಿದ್ಯಾಲಯ, 1918ರಲ್ಲಿ ಶುರುವಾದ ಉಸ್ಮಾನಿಯಾ. ಸಾರ್ವಜನಿಕ ಸಭೆ ಮಾಡಬೇಕಂದ್ರೆ ಸರ್ಕಾರದ ಅನುಮತಿ ಬೇಕು. ಅದಕ್ಕಂತಲೇ 'ಗಸ್ತಿ ನಿಶಾನ್ 53' ಅನ್ನೋ ಸುತ್ತೋಲೆ ಇತ್ತು. ಆ ವರ್ಷ ಕಾವಲು ಹಾಸ್ಟೆಲಿನ ಪ್ರಾರ್ಥನೆಗೂ ಬಂತು. ವಂದೇ ಮಾತರಂ ಹಾಡಬಾರದು ಅಂತ ಆಡಳಿತ ಹೇಳಿತು. ಹುಡುಗರು ಬಿಡಲಿಲ್ಲ, ಮುಷ್ಕರ ಹೂಡಿದರು. ಚಳವಳಿ ನಮ್ಮ ಕಲಬುರಗಿ ಕಾಲೇಜಿಗೂ ಹಬ್ಬಿತು.

ಅವರನ್ನು ಮಣಿಸೋಕೆ ಲಾಠಿಯೇ ಬೇಕಿರಲಿಲ್ಲ. ರಿಜಿಸ್ಟರಿನಿಂದ ಹೆಸರು ಹೊಡೆದರೆ ಸಾಕಿತ್ತು. ಇರೋದೊಂದೇ ವಿಶ್ವವಿದ್ಯಾಲಯ, ಅದೇ ಹೊರಗೆ ಹಾಕಿದರೆ ಮುಂದೇನು? ನೂರಾರು ವಿದ್ಯಾರ್ಥಿಗಳ ಓದು ನಡುವೆಯೇ ನಿಂತಿತು.

ಆಗ ಸಂಸ್ಥಾನದ ಗಡಿಯಾಚೆ ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆರೆಯಿತು. ಹಾಗೆ ಅಲ್ಲಿಗೆ ಹೋದವರಲ್ಲಿ ಒಬ್ಬರು ಪಿ.ವಿ. ನರಸಿಂಹರಾವ್. ನಾನು ಬಿ.ಕಾಂ.ನಲ್ಲಿ ಉರು ಹೊಡೆದ 1991ರ ಆರ್ಥಿಕ ಸುಧಾರಣೆ ಇವರು ಪ್ರಧಾನಿ ಆಗಿದ್ದಾಗಿನದು. ಆದರೆ ಅವರು ಯಾಕೆ ನಾಗಪುರಕ್ಕೆ ಹೋಗಬೇಕಾಯ್ತು ಅಂತ ನಮ್ಮ ಪಠ್ಯದಲ್ಲಿ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 2019ರ ಡಿಸೆಂಬರ್ 15, ದೆಹಲಿಯ ಜಾಮಿಯಾ ಕ್ಯಾಂಪಸ್ಸಿನೊಳಗೆ ಪೊಲೀಸರು ನುಗ್ಗಿದರು. ದೇಶದ ತುಂಬ ವಿದ್ಯಾರ್ಥಿಗಳು ಬೀದಿಗೆ ಬಂದರು. ಡಿಸೆಂಬರ್ 19ರಿಂದ ಬೆಂಗಳೂರಿನಲ್ಲಿ ಸೆಕ್ಷನ್ 144 ಬಂತು, ಗುಂಪು ಸೇರೋ ಹಾಗಿಲ್ಲ. ಐಐಎಂನವರು ಏನ್ ಮಾಡಿದ್ರು ಗೊತ್ತಾ? ತಮ್ಮ ಚಪ್ಪಲಿ, ಶೂಗಳನ್ನು ಗೇಟಿನ ಹೊರಗೆ ಬಿಟ್ಟರು. ಜನ ಸೇರಬಾರದು ಅಂದಿದ್ದರು. ಚಪ್ಪಲಿ ಸೇರಬಾರದು ಅಂದಿರಲಿಲ್ಲವಲ್ಲ! ವಿದ್ಯಾರ್ಥಿಗಳ ಜೊತೆ ಮೇಷ್ಟ್ರುಗಳೂ ನಿಂತರು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್, ಆ 144 ಆದೇಶವೇ ಕಾನೂನಿನ ಮುಂದೆ ನಿಲ್ಲೋದಿಲ್ಲ ಅಂತ ಹೇಳಿತು.

ತಮ್ಮಾ, ಹೆದರಬೇಡ ಅಂತ ಹೇಳೋದು ನನಗೆ ಸುಲಭ. ಬೆಲೆ ಕಟ್ಟೋನು ನೀನು. ಆದರೆ 1938ರ ಹುಡುಗರು ಉಳಿದದ್ದು ಬರೀ ತಮ್ಮ ಧೈರ್ಯದಿಂದಲ್ಲ, ಇನ್ನೊಂದು ಕ್ಯಾಂಪಸ್ ಅವರನ್ನು ಸೇರಿಸಿಕೊಂಡಿದ್ದರಿಂದ. ಅದಕ್ಕೆ 'ನೌಕರಿ ಗತಿ ಏನು' ಅನ್ನೋ ಪ್ರಶ್ನೆಯನ್ನು ನೀನೊಬ್ಬನೇ ಹೊರಬೇಕಿಲ್ಲ. ಅದನ್ನ ನಿನ್ನ ಮೇಷ್ಟ್ರಿಗೂ ಕೇಳು, ಪ್ರಿನ್ಸಿಪಾಲರಿಗೂ ಕೇಳು: ನಾಳೆ ನಮ್ಮ ಹೆಸರು ಹೊಡೆದರೆ, ಬಾಗಿಲು ತೆರೆಯೋರು ಯಾರ್ರಿ?