ಷಡಕ್ಷರಿಗೆ ಹತ್ತು ಸಂಕೇತ: ಅಕ್ಷರದಿಂದ ಪದ ಹುಡುಕುವ ಕುರಿತು ಒಂದು ಟಿಪ್ಪಣಿ

ಕೆಲವು ಅಕ್ಷರ ಕೊಟ್ಟು, ಅವೆಲ್ಲವೂ ಇರುವ ಇಂಗ್ಲಿಷ್ ಪದಗಳನ್ನು ಹುಡುಕುವುದು ಈಗ ಕಣ್ಣುಮಿಟುಕಿಸುವಷ್ಟರ ಕೆಲಸ. ಎ, ಇ, ಐ, ಒ, ಯು ಐದೂ ಬೇಕೆಂದರೆ ಎಜುಕೇಷನ್ ಸಿಗುತ್ತದೆ. ಇದ್ದ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಪದ ಬೇಕಾದರೆ, ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ವರ್ಣಾನುಕ್ರಮದಲ್ಲಿ ಜೋಡಿಸಿ ಕೀಲಿ ಮಾಡಿಡುತ್ತಾರೆ. ಲಿಸನ್, ಸೈಲೆಂಟ್ ಎರಡಕ್ಕೂ ಕೀಲಿ ಒಂದೇ: ಇ, ಐ, ಎಲ್, ಎನ್, ಎಸ್, ಟಿ. ಅಲ್ಲಿರುವುದು 26 ಅಕ್ಷರ, ಒಂದೊಂದಕ್ಕೂ ಒಂದು ಸಂಕೇತ, ಹಾಗಾಗಿ ತೊಡಕಿಲ್ಲ. ಈ ವಿಧಾನ ಕನ್ನಡಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಯಳಂದೂರಿನ ಇಬ್ಬರು ಕವಿಗಳ ಮೂಲಕ ನೋಡಬಹುದು.

ಒಬ್ಬನು 17ನೆಯ ಶತಮಾನದ ಷಡಕ್ಷರದೇವ, ಇಲ್ಲಿನ ಮಠದ ಅಧಿಪತಿ. ರಾಜಶೇಖರ ವಿಳಾಸ, ವೃಷಭೇಂದ್ರ ವಿಜಯ, ಶಬರಶಂಕರ ವಿಳಾಸ ಎಂಬ ಚಂಪೂ ಕಾವ್ಯಗಳ ಕರ್ತೃ. ಇನ್ನೊಬ್ಬಳು ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ರಾಣಿ ದೇವಾಜಮ್ಮಣ್ಣಿಯ ಊಳಿಗದಲ್ಲಿದ್ದು, ಸಾಂಗತ್ಯದಲ್ಲಿ ಹದಿಬದೆಯ ಧರ್ಮ ಬರೆದವಳು.

ಇಬ್ಬರಿಗೂ ಅಕ್ಷರ ಹಿಡಿದು ಪದ ಹುಡುಕುವುದು ದಿನದ ಕೆಲಸವೇ ಆಗಿತ್ತು. ಪದ್ಯದ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕೆಂಬುದು ಹಳೆಯ ಛಂದಸ್ಸಿನ ಕಟ್ಟಳೆ. ವ್ಯಂಜನದ ಮೇಲಿನ ಸ್ವರ ಬದಲಾದರೆ ಅಡ್ಡಿಯಿಲ್ಲ. ಆದರೆ ಆ ವ್ಯಂಜನದ ಹಿಂದೆ ಏನಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಛಂದೋಂಬುಧಿಯ ನಾಗವರ್ಮ ಇದನ್ನೇ ಆರು ಪ್ರಾಸಗಳಾಗಿ ವಿಂಗಡಿಸಿದ್ದಾನೆ: ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಬೇರೆ ವ್ಯಂಜನ ಕೂಡಿದರೆ ಶರಭ, ಅದೇ ವ್ಯಂಜನ ಇಮ್ಮಡಿಸಿದರೆ ಹಯ. ಕಣ್ಣು, ಹೆಣ್ಣು, ಎಣ್ಣೆ, ದೊಣ್ಣೆ ಇವೆಲ್ಲ ಹಯಪ್ರಾಸಕ್ಕೆ ಒದಗುವ ಪದಗಳು.

ಹೀಗೆ ಹುಡುಕಲು ಆಗ ಆಕರವೇನಿತ್ತು? ಅಮರಕೋಶದಂಥವು ಪದಗಳನ್ನು ಅರ್ಥವರ್ಗಗಳಾಗಿ ಕಟ್ಟಿದವು. ಸಂಸ್ಕೃತದ ಮೇದಿನೀ ಕೋಶ ಮಾತ್ರ ವಿಚಿತ್ರ ಉಪಕಾರಿ. ಅದು ಪದಗಳನ್ನು ಕೊನೆಯ ವ್ಯಂಜನ ಮತ್ತು ಅಕ್ಷರಸಂಖ್ಯೆಯಿಂದ ಜೋಡಿಸುತ್ತದೆ. ಇಂದಿನ ಪದಶೋಧಕ ಯಂತ್ರಗಳ ಹಿರಿಯಜ್ಜ ಎಂದು ಅದನ್ನು ಕರೆದರೆ ಅತಿಯಾಗದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಾಗಲಿ ಮೊದಲ ಅಕ್ಷರದ ದಾರಿಯಲ್ಲೇ ನಡೆದವು. ಕವಿಗೆ ಬೇಕಾದ ಎರಡನೆಯ ಅಕ್ಷರಕ್ಕೆ ಅಲ್ಲಿ ಬಾಗಿಲಿಲ್ಲ, ನೆನಪೇ ಗತಿ.

ಈಗ ಕಂಪ್ಯೂಟರ್ ಇದೆ, ಆದರೆ ಅದಕ್ಕೆ ಅಕ್ಷರ ಎಣಿಸಲು ಬರುವುದಿಲ್ಲ. ಷಡಕ್ಷರಿ ಮಂತ್ರವನ್ನೇ ಪರೀಕ್ಷೆಗೆ ಒಡ್ಡೋಣ. ಓಂ, ನ, ಮಃ, ಶಿ, ವಾ, ಯ, ಒಟ್ಟು ಆರು. ಯೂನಿಕೋಡ್ ಲೆಕ್ಕದಲ್ಲಿ ಬಿಂದು, ವಿಸರ್ಗ, ಗುಡಿಸು, ದೀರ್ಘ ಎಲ್ಲವೂ ಬಿಡಿ ಸಂಕೇತಗಳು; ಆದ್ದರಿಂದ ಹತ್ತು. ‘ಕಣ್ಣು’ ಪದದಲ್ಲಿ ಎರಡನೆಯ ಸಂಕೇತ ‘ಣ’, ‘ಹೆಣ್ಣು’ ಪದದಲ್ಲಿ ಎತ್ವದ ಚಿಹ್ನೆ. ಎರಡೂ ಒಂದೇ ಪ್ರಾಸದವೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ‘ದೊಣ್ಣೆ’ಯ ಒತ್ವ ಇನ್ನೂ ಕಿರಿಕಿರಿ: ಅದನ್ನು ಒಂದೇ ಸಂಕೇತವಾಗಿಯೂ ಎರಡಾಗಿ ಒಡೆದೂ ಶೇಖರಿಸಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಮೊದಲೇ ಏಕರೂಪಕ್ಕೆ ತರದಿದ್ದರೆ ಹುಡುಕಾಟದಲ್ಲಿ ಪದವೇ ತಪ್ಪಿಹೋಗುತ್ತದೆ.

ಕೀಲಿಯ ವಿಧಾನವೂ ಇಲ್ಲಿ ಎಡವುತ್ತದೆ. ‘ನದಿ’, ‘ದಿನ’ ಎರಡರಲ್ಲೂ ‘ನ’, ‘ದಿ’ ಎಂಬ ಅವೇ ಅಕ್ಷರಗಳಿವೆ. ಇದು ನಿಜವಾದ ಜೋಡಿ. ಆದರೆ ಸಂಕೇತ ಜೋಡಿಸುವ ಯಂತ್ರ ‘ನಾದ’, ‘ದಾನ’ಗಳನ್ನೂ ಜೋಡಿಯೆಂದು ಹೇಳುತ್ತದೆ. ‘ನ’, ‘ದ’, ದೀರ್ಘದ ಚಿಹ್ನೆ ಮೂರೂ ಎರಡರಲ್ಲಿವೆಯಲ್ಲ! ‘ನಾ’ ಬೇರೆ, ‘ನ’ ಬೇರೆ ಎಂಬುದು ಒಂದನೆಯ ತರಗತಿಯ ಮಗುವಿಗೂ ಗೊತ್ತು.

ನಮ್ಮ ಪತ್ರಿಕೆಗಳ ಪದಬಂಧ ಈ ತೊಡಕನ್ನು ಸದ್ದಿಲ್ಲದೆ ಬಿಡಿಸಿಕೊಂಡಿದೆ. ಕಾಗುಣಿತ, ಒತ್ತು ಸಮೇತ ಒಂದು ಅಕ್ಷರಕ್ಕೆ ಒಂದು ಮನೆ. ‘ಧರ್ಮ’ಕ್ಕೆ ಎರಡೇ ಮನೆ. ಒಂದು ಕಡೆ ಮಾತ್ರ ಪದಬಂಧ ಛಂದಸ್ಸಿನಿಂದ ಬೇರೆಯಾಗುತ್ತದೆ. ‘ಬಸ್’ ಎಂಬುದು ಛಂದಸ್ಸಿಗೆ ಒಂದು ಗುರು, ಪದಬಂಧಕ್ಕೆ ಎರಡು ಮನೆ. ಶೋಧಕ ತಯಾರಿಸುವವರು ಇದರಲ್ಲಿ ಯಾವುದನ್ನು ಅನುಸರಿಸುತ್ತೇವೆಂದು ಮೊದಲೇ ಹೇಳಿಬಿಡಬೇಕು.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟ ಮೇಲೆ ಕವಿಗಳಿಗೆ ಎರಡನೆಯ ಅಕ್ಷರದ ಹಂಗು ಕ್ರಮೇಣ ಕಳೆಯಿತು. ಸಂಪಾದಕರಿಗೆ ಕಳೆದಿಲ್ಲ. ತಾಳೆಗರಿಯಲ್ಲಿ ಸಾಲಿನ ಆರಂಭ ಸವೆದಿದ್ದರೆ, ಉಳಿದ ಸಾಲುಗಳ ಪ್ರಾಸವೇ ಹೋದ ಪದದ ಎರಡನೆಯ ವ್ಯಂಜನವನ್ನು ತಿಳಿಸುತ್ತದೆ. ಆ ವ್ಯಂಜನ, ಮೊದಲ ಅಕ್ಷರದ ಗುರುಲಘು, ಮಾತ್ರೆಗಳ ಲೆಕ್ಕ ಇಷ್ಟು ಕೊಟ್ಟರೆ ಹೊಂದುವ ಪದಗಳ ಪಟ್ಟಿ ಕೊಡುವ ಶೋಧಕ ಪಾಠಪರಿಷ್ಕರಣಕ್ಕೆ ದೊಡ್ಡ ಸಹಾಯ. ಕನ್ನಡ ತಂತ್ರಾಂಶದಲ್ಲಿ ಕೆಲಸ ಮಾಡುವ ಗೆಳೆಯರು ಇಂಗ್ಲಿಷಿನ ಶೋಧಕವನ್ನು ಹಾಗೆಯೇ ಇಳಿಸಿಕೊಳ್ಳುವ ಬದಲು, ನಾಗವರ್ಮನ ಆರು ಪ್ರಾಸಗಳನ್ನು ಆಧಾರವಾಗಿಟ್ಟುಕೊಂಡು ದ್ವಿತೀಯಾಕ್ಷರದ ಸೂಚಿಯೊಂದನ್ನು ಮೊದಲು ಸಿದ್ಧಪಡಿಸಲಿ. ಪರೀಕ್ಷೆಗೆ ಹದಿಬದೆಯ ಧರ್ಮ, ರಾಜಶೇಖರ ವಿಳಾಸಗಳ ಮುದ್ರಿತ ಪಾಠಗಳನ್ನು ಬಳಸಿಕೊಳ್ಳಲಿ.