ಯಂತ್ರಗಳ ಜೀರ್ಣೋದ್ಧಾರ

ನಮ್ಮ ಶಾಸನಗಳನ್ನು ಓದುವವರಿಗೆಲ್ಲ ಪರಿಚಿತವಾದ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿಯಾಗಿ ಬಿಡುವಾಗ, ಪೂಜೆಗೆ ಇಷ್ಟು, ಆಹಾರದಾನಕ್ಕೆ ಇಷ್ಟು ಎನ್ನುವುದರ ಜೊತೆಗೆ, ಮುರಿದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದಕ್ಕೆಂದು ಒಂದು ಪಾಲನ್ನು ತೆಗೆದಿಡುತ್ತಿದ್ದರು. ತಾವು ಕಟ್ಟಿದ್ದು ಒಂದು ದಿನ ಬಿರಿಯುತ್ತದೆ ಎಂಬ ಅರಿವು ಕಟ್ಟಿದವರಿಗಿತ್ತು. ಬಿರಿದಷ್ಟನ್ನು ಸರಿಪಡಿಸಬೇಕು ಎಂಬ ವಿವೇಕವೂ ಇತ್ತು. ಈ ಮಾತನ್ನು ಮೋಟಾರು ಸೈಕಲುಗಳ ಪ್ರಸ್ತಾಪದಲ್ಲಿ ತಂದರೆ ವಾಚಕರು ನಗಬಹುದು. ಆದರೆ ಇಂಗ್ಲೆಂಡಿನ ಹಳೆಯ ಮೋಟಾರು ಸೈಕಲುಗಳನ್ನು ಉಳಿಸಿಕೊಂಡು ಬಂದವರ ಸುಮಾರು ಎಂಬತ್ತು ವರ್ಷಗಳ ಕಥೆಯನ್ನು ನೋಡಿದರೆ, ಅವರ ಮುಂದಿದ್ದ ಪ್ರಶ್ನೆಯೂ ಇದೇ ಎಂಬುದು ತಿಳಿಯುತ್ತದೆ. ಎಷ್ಟರವರೆಗೆ ಸರಿಪಡಿಸಿದರೆ ಹಳೆಯದು ಹಳೆಯದಾಗಿಯೇ ಉಳಿಯುತ್ತದೆ? ಎಲ್ಲಿಂದಾಚೆಗೆ ಅದು ಹೊಸದಾಗಿಬಿಡುತ್ತದೆ?

ಮೊದಲು ಆ ಉದ್ಯಮದ ಏಳುಬೀಳನ್ನು ಸಂಗ್ರಹವಾಗಿ ಹೇಳಬೇಕು. ಇಂಗ್ಲೆಂಡಿನ ನಡುನಾಡಿನಲ್ಲಿರುವ ಬರ್ಮಿಂಗ್‌ಹ್ಯಾಮ್, ಕವೆಂಟ್ರಿ, ರೆಡಿಚ್ ಊರುಗಳಲ್ಲಿ ಲೋಹದ ಕೆಲಸವೇ ಕುಲಕಸುಬು. ಬಿ.ಎಸ್.ಎ. ಕಂಪನಿ ೧೮೬೧ರಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ಕಸುಬಿನವರು ಕೂಡಿ ಕಟ್ಟಿದ್ದು. ಮೋಟಾರು ಸೈಕಲು ಮಾಡತೊಡಗಿದ ಮೇಲೂ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳೇ ಅದರ ಲಾಂಛನವಾಗಿ ಉಳಿದವು. ರೆಡಿಚ್ ಸೂಜಿಗೆ ಹೆಸರಾದ ಊರು. ರಾಯಲ್ ಎನ್‌ಫೀಲ್ಡಿನ ಮೂಲವೂ ಅಲ್ಲಿನ ಒಂದು ಸೂಜಿ ಕಾರ್ಖಾನೆಯೇ. ಕವೆಂಟ್ರಿಯ ಟ್ರಯಂಫ್ ಕಂಪನಿಯನ್ನು ಸ್ಥಾಪಿಸಿದವನು ಜರ್ಮನಿಯ ನ್ಯೂರೆಂಬರ್ಗಿನಿಂದ ವಲಸೆ ಬಂದ ಸೀಗ್‌ಫ್ರೀಡ್ ಬೆಟ್‌ಮನ್. ಅದರ ಮೊದಲ ಮೋಟಾರು ಸೈಕಲು ೧೯೦೨ರಲ್ಲಿ ಹೊರಬಿತ್ತು. ೧೯೪೦ರ ನವೆಂಬರ್ ೧೪ರ ರಾತ್ರಿ ಜರ್ಮನ್ ವಿಮಾನಗಳ ಬಾಂಬಿಗೆ ಆ ಕಾರ್ಖಾನೆ ಹಾಳಾಯಿತು. ೧೯೪೨ರಲ್ಲಿ ಸಮೀಪದ ಮೆರಿಡನ್ ಹಳ್ಳಿಯಲ್ಲಿ ಹೊಸ ಕಾರ್ಖಾನೆ ಎದ್ದಿತು.

ಬಾಂಬಿಗೆ ಬಗ್ಗದ ಉದ್ಯಮ ಪೈಪೋಟಿಗೆ ಬಗ್ಗಿತು. ೧೯೫೯ರಲ್ಲಿ ಜಪಾನಿನ ಹೊಂಡಾ ಕಂಪನಿ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯಕ್ಕೆ ಬಂದಾಗ ಅದನ್ನು ಲೆಕ್ಕಕ್ಕೆ ಹಿಡಿದವರು ಕಡಮೆ. ೧೯೬೧ರಲ್ಲಿ ಅದೇ ಕಂಪನಿಯ ಗಾಡಿಗಳು ಅಲ್ಲಿ ಗೆದ್ದವು. ೧೯೬೯ರಲ್ಲಿ ನಾಲ್ಕು ಸಿಲಿಂಡರಿನ, ಗುಂಡಿ ಒತ್ತಿದರೆ ಹೊರಡುವ ಹೊಂಡಾ ಮಾರುಕಟ್ಟೆಗೆ ಬಂದ ಹೊತ್ತಿಗೆ, ಇಂಗ್ಲಿಷ್ ಗಾಡಿಗಳು ಇನ್ನೂ ಕಿಕ್ಕರನ್ನು ನಂಬಿಕೊಂಡು, ನಿಂತಲ್ಲಿ ಎಣ್ಣೆ ತೊಟ್ಟಿಕ್ಕಿಸುತ್ತಿದ್ದವು. ರಾಯಲ್ ಎನ್‌ಫೀಲ್ಡಿನ ರೆಡಿಚ್ ಕಾರ್ಖಾನೆ ೧೯೬೭ರಲ್ಲಿ ಮುಚ್ಚಿತು, ವೆಲೊಸೆಟ್ ೧೯೭೧ರಲ್ಲಿ ನಿಂತಿತು, ಮುಗ್ಗರಿಸಿದ ಬಿ.ಎಸ್.ಎ. ೧೯೭೩ರಲ್ಲಿ ಬೇರೊಂದು ಸಂಸ್ಥೆಯಲ್ಲಿ ಲೀನವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೆರಿಡನ್ ಕಾರ್ಖಾನೆಯನ್ನು ಮುಚ್ಚುವುದಾಗಿ ಒಡೆಯರು ಸಾರಿದಾಗ ಕಾರ್ಮಿಕರು ಅದನ್ನು ವಶಪಡಿಸಿಕೊಂಡು ಕುಳಿತರು; ಸರಕಾರದ ನೆರವಿನಿಂದ ೧೯೭೫ರಲ್ಲಿ ಸಹಕಾರ ಸಂಘ ಮಾಡಿಕೊಂಡು ೧೯೮೩ರವರೆಗೆ ನಡೆಸಿದರು. ಇಂದು ಆ ಜಾಗದಲ್ಲಿರುವುದು ಮನೆಗಳು. ಅಲ್ಲಿನ ಒಂದು ಬೀದಿಗೆ ‘ಬಾನವಿಲ್’ ಎಂದು ಹೆಸರು. ಅದು ಟ್ರಯಂಫಿನ ಅತ್ಯಂತ ಪ್ರಸಿದ್ಧ ಗಾಡಿಯ ಹೆಸರು.

ಕಾರ್ಖಾನೆಗಳು ಹೋದವು, ಗಾಡಿಗಳು ಉಳಿದವು. ಇದು ಹೇಗಾಯಿತು ಎಂಬುದೇ ವಿಚಾರಾರ್ಹ. ಮುಖ್ಯ ಕಾರಣ, ಅವುಗಳನ್ನು ಮಾಡಿದವರು ಅವು ಕೆಡುತ್ತವೆಂದು ತಿಳಿದೇ ಮಾಡಿದ್ದರು. ಕೊಳ್ಳುತ್ತಿದ್ದವನು ಬಹುಮಟ್ಟಿಗೆ ಕಾರ್ಮಿಕ. ರಿಪೇರಿಗೆ ಕೂಲಿ ಕೊಡಲಾರದವನು. ಆದ್ದರಿಂದ ಮನೆಯ ಹಿತ್ತಿಲಲ್ಲಿ ಕುಳಿತು ಬಿಚ್ಚಿ ಜೋಡಿಸುವಂತೆ ಗಾಡಿ ಇರಬೇಕಾಗಿತ್ತು. ಸ್ಟೀವನೇಜ್ ಊರಿನ ವಿನ್ಸೆಂಟ್ ಕಂಪನಿ ೧೯೪೬ರಿಂದ ತಯಾರಿಸಿದ ೯೯೮ ಸಿ.ಸಿ.ಯ ರ‍್ಯಾಪಿಡ್ ಗಾಡಿಯ ಚಕ್ರಗಳನ್ನು ಸ್ಪ್ಯಾನರಿಲ್ಲದೆ ಬರಿಗೈಯಲ್ಲೇ ಕಳಚಬಹುದಾಗಿತ್ತು. ಆ ಕಂಪನಿ ೧೯೫೫ರ ಕೊನೆಗೆ ಮೋಟಾರು ಸೈಕಲು ಮಾಡುವುದನ್ನು ಬಿಟ್ಟಿತು. ಆದರೆ ೧೯೪೮ರಲ್ಲೇ ಅದರ ಗಾಡಿಗಳನ್ನು ಕೊಂಡವರು ಒಂದು ಸಂಘ ಕಟ್ಟಿಕೊಂಡಿದ್ದರು. ಮುಂದೆ ಅವರೇ ಬಿಡಿಭಾಗಗಳನ್ನು ಮಾಡಿಸುವ ಕಂಪನಿಯನ್ನೂ ತೆರೆದರು. ಮಾಡಿದವನ ಕೈಯಿಂದ ವಿದ್ಯೆ ಬಳಸುವವನ ಕೈಗೆ ದಾಟಿತು.

ಇಂಥ ಸಂಘಗಳಲ್ಲಿ ಹಿರಿಯದು ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್. ‘ಟಿಚ್’ ಎಂದೇ ಹೆಸರಾದ ಸಿ. ಇ. ಅಲೆನ್ ಮೊದಲಾದವರು ೧೯೪೬ರ ಏಪ್ರಿಲಿನಲ್ಲಿ ಸರ‍್ರಿ ಪ್ರಾಂತದ ಹಾಗ್ಸ್ ಬ್ಯಾಕ್ ಗುಡ್ಡದ ಮೇಲೆ ಸೇರಿ ಇದನ್ನು ಸ್ಥಾಪಿಸಿದರು. ಯುದ್ಧ ಆಗತಾನೆ ಮುಗಿದಿತ್ತು. ಹಳೆಯ ಗಾಡಿಯೆಂದರೆ ಗುಜರಿ ಎಂದು ಜನ ತಿಳಿದಿದ್ದ ಕಾಲ. ಈ ಸಂಘದ ಪುಸ್ತಕಭಂಡಾರದಲ್ಲಿ ಇಂದು ಬಿ.ಎಸ್.ಎ., ಟ್ರಯಂಫ್ ಮೊದಲಾದ ಕಾರ್ಖಾನೆಗಳ ರವಾನೆಯ ಲೆಕ್ಕಪುಸ್ತಕಗಳಿವೆ. ಇಂಥ ಅಂಕಿಯ ಇಂಜಿನು, ಇಂಥ ಅಂಕಿಯ ಚೌಕಟ್ಟು, ಇಂಥ ದಿನ ಇಂಥವರಿಗೆ ಹೋಯಿತು ಎಂಬ ಬರಹ ಅದರಲ್ಲಿ ದೊರೆಯುತ್ತದೆ. ತಾಳೆಯ ಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ತಿಥಿಯನ್ನೂ ಬರೆದಿಟ್ಟಿದ್ದರೆ ಸಂಪಾದಕನಿಗೆ ಆಗುವಷ್ಟೇ ಸಂತೋಷ ಇದನ್ನು ಕಂಡವನಿಗೂ ಆಗುವುದು ಸಹಜ. ಕೂಟಶಾಸನಗಳಿರುವಂತೆ ಇಲ್ಲಿಯೂ ಅಂಕಿ ತಿದ್ದಿ ಕೆತ್ತುವವರಿದ್ದಾರೆ. ಅವರನ್ನು ಹಿಡಿದುಕೊಡುವುದು ಈ ಪುಸ್ತಕಗಳೇ.

ಇನ್ನು ಕೆಲಸದ ವಿಷಯ. ಹೊಸಬನು ಮೊದಲು ಎಡವುವುದು ತಿರುಪಿನಲ್ಲಿ. ದೇಶಕ್ಕೆಲ್ಲ ಒಂದೇ ಬಗೆಯ ತಿರುಪಿರಲಿ ಎಂದು ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ಒಂದು ಅಳತೆಯನ್ನು ಸೂಚಿಸಿದ; ಅದರ ಹಲ್ಲುಗಳ ಕೋನ ೫೫ ಡಿಗ್ರಿ. ಸೈಕಲು ಕಸುಬಿನವರು ಬಳಸಿದ ತಿರುಪಿನ ಕೋನ ೬೦ ಡಿಗ್ರಿ. ವಿದ್ಯುತ್ತಿನ ಭಾಗಗಳಿಗೆ ಬಿ.ಎ. ಎಂಬ ಮತ್ತೊಂದು ಅಳತೆ. ೧೯೬೦ರ ದಶಕದ ಕೊನೆಗೆ ಅಮೆರಿಕದ್ದಕ್ಕೆ ಹೊಂದುವ ಇನ್ನೊಂದು ಬಂದು ಸೇರಿತು. ಹೀಗೆ ಒಂದೇ ಗಾಡಿಯಲ್ಲಿ ಮೂರು ನಾಲ್ಕು ಬಗೆಯ ತಿರುಪುಗಳು. ವಿಟ್‌ವರ್ತ್ ಸ್ಪ್ಯಾನರಿನ ಮೇಲಿರುವ ಅಂಕಿ ಅದರ ಬಾಯಿಯ ಅಗಲವಲ್ಲ, ಬೋಲ್ಟಿನ ದಪ್ಪ. ಇದು ತಿಳಿಯದೆ ಮಿಲಿಮೀಟರಿನ ಸ್ಪ್ಯಾನರು ಹಾಕಿ ತಿರುವಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಹೊಂದದ ಬೋಲ್ಟನ್ನು ಬಲವಂತದಿಂದ ಬಿಗಿದರೆ ಇಂಜಿನಿನ ಮೆತ್ತನೆಯ ಅಲ್ಯೂಮಿನಿಯಮ್ ಕಿತ್ತುಬರುತ್ತದೆ. ಛಂದಸ್ಸು ತಿಳಿಯದೆ ಹಳಗನ್ನಡ ಪದ್ಯವನ್ನು ಬಿಡಿಸಹೊರಟವನ ಪಾಡೇ ಇವನದೂ.

ಎರಡನೆಯದು ಕಣ್ಣಿಗೆ ಕಾಣದ ಕೊಳೆ. ಎಡ್ವರ್ಡ್ ಟರ್ನರ್ ೧೯೩೭ರಲ್ಲಿ ಹೊರತಂದ ಸ್ಪೀಡ್ ಟ್ವಿನ್ ಮತ್ತು ಅದರ ವಂಶದ ಜೋಡಿ ಸಿಲಿಂಡರಿನ ಟ್ರಯಂಫ್ ಗಾಡಿಗಳ ಪೈಕಿ ಬಹುಪಾಲಿನಲ್ಲಿ ಕ್ರ್ಯಾಂಕಿನೊಳಗೆ ಒಂದು ಟೊಳ್ಳು ಕೊಳವೆಯಿದೆ. ಇಂಜಿನು ತಿರುಗುವ ರಭಸಕ್ಕೆ ಎಣ್ಣೆಯಲ್ಲಿರುವ ಕಸವೆಲ್ಲ ಅಲ್ಲಿ ಹೋಗಿ ಅಂಟುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಎಣ್ಣೆಯ ದಾರಿಯನ್ನೇ ಕಟ್ಟುತ್ತದೆ. ಇಂಜಿನನ್ನು ಪೂರ್ತಿ ಬಿಚ್ಚದೆ ಅದನ್ನು ತೆಗೆಯುವಂತಿಲ್ಲ. ಮೇಲೆ ಹೊಸ ಬಣ್ಣ ಬಳಿದು ಮಾರುವವನು ಅದರ ಗೊಡವೆಗೆ ಹೋಗುವುದಿಲ್ಲ. ಕೊಂಡವನು ದೂರಪ್ರಯಾಣ ಹೊರಟ ದಿನ ಬೇರಿಂಗು ಸುಟ್ಟು ಗುಟ್ಟು ರಟ್ಟಾಗುತ್ತದೆ. ನಿಲ್ಲಿಸಿಟ್ಟರೂ ಕಷ್ಟವೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಟ್ಯಾಂಕಿನ ಎಣ್ಣೆ ಪಂಪನ್ನು ದಾಟಿ ಇಂಜಿನಿನ ತಳಕ್ಕೆ ಜಿನುಗುತ್ತದೆ. ರಬ್ಬರು ಒಣಗಿ ಬಿರಿಯುತ್ತದೆ. ಈ ಗಾಡಿಗಳಿಗೆ ಓಡುವುದೇ ಔಷಧ.

ಓಡುತ್ತಲೇ ಉಳಿದ ಗಾಡಿಗೆ ನಮ್ಮ ದೇಶದ ಉದಾಹರಣೆಯೇ ಉತ್ತಮ. ೧೯೫೫ರಲ್ಲಿ ರೆಡಿಚ್ಚಿನ ಕಂಪನಿಯೂ ಮದರಾಸಿನ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ ಕೂಡಿ ಎನ್‌ಫೀಲ್ಡ್ ಇಂಡಿಯಾ ಆರಂಭಿಸಿದವು. ತಾಯಿ ಕಾರ್ಖಾನೆ ಮುಚ್ಚಿದ ಮೇಲೂ ತಿರುವೊಟ್ಟಿಯೂರಿನಲ್ಲಿ ಬುಲೆಟ್ ಹುಟ್ಟುತ್ತಲೇ ಹೋಯಿತು. ೧೯೭೭ರಲ್ಲಿ ಅದು ಇಂಗ್ಲೆಂಡಿಗೇ ರಫ್ತಾಗತೊಡಗಿತು. ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೂ ಊರೂರಿನ ಬುಲೆಟ್ ಮೇಸ್ತ್ರಿಗಳನ್ನೂ ಬಲ್ಲವರಿಗೆ, ಬಲಗಾಲಿನ ಗೇರು, ಎಡಗಾಲಿನ ಬ್ರೇಕು ನೆನಪಿರುವವರಿಗೆ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಮೇಸ್ತ್ರಿಗೆ ಅದು ಪ್ರಾಚೀನ ವಸ್ತುವಲ್ಲ, ನಾಳೆ ಬೆಳಿಗ್ಗೆ ಹಾಲಿನ ಕ್ಯಾನು ಹೊರಬೇಕಾದ ಗಾಡಿ. ಬೋರು ಹಾಕಿಸಿದ, ವಾಲ್ವು ಉಜ್ಜಿದ, ಸಿಕ್ಕ ತಗಡಿನಿಂದ ಒಂದು ತುಂಡು ಕತ್ತರಿಸಿ ಕೂರಿಸಿದ. ಅದರಲ್ಲಿ ಮೂಲಭಾಗ ಎಷ್ಟು ಉಳಿಯಿತೋ, ಆದರೆ ವಿದ್ಯೆಯ ಪರಂಪರೆ ಕಡಿಯಲಿಲ್ಲ.

ಇಂಗ್ಲೆಂಡಿನಲ್ಲಿ ಹಳೆಯ ಗಾಡಿಗೆ ಬೆಲೆ ಬಂದಂತೆ ಬೇರೊಂದು ಕಷ್ಟ ತಲೆದೋರಿತು. ಪ್ರದರ್ಶನದಲ್ಲಿ ಬಹುಮಾನ ಪಡೆಯಲೆಂದು ಹಳೆಯ ಬಣ್ಣವನ್ನೆಲ್ಲ ಕೆರೆದು, ಎಲ್ಲಕ್ಕೂ ಕ್ರೋಮಿಯಂ ಲೇಪಿಸಿ, ಕಾರ್ಖಾನೆಯಿಂದ ಬಂದ ದಿನಕ್ಕಿಂತಲೂ ಹೊಳೆಯಿಸಿದರು. ಇನ್ನು ಕೆಲವರು, ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು. ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಹಾಗೆಯೇ ಇಟ್ಟುಕೊಳ್ಳಿ ಎಂದರು. ಈ ವಾದ ಆ ನಾಡಿಗೆ ಹೊಸದಲ್ಲ. ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು ಕೆಡಿಸುತ್ತಿದ್ದಾರೆಂದು ಕವಿ ವಿಲಿಯಂ ಮಾರಿಸ್ ೧೮೭೭ರಲ್ಲಿ ಒಂದು ಸಂಘವನ್ನೇ ಕಟ್ಟಿದ್ದ. ಕಲ್ಲಿನ ಕಂಬಗಳಿಗೆ ಎನಾಮಲ್ ಬಣ್ಣ ಬಳಿದ ನಮ್ಮ ಗುಡಿಗಳನ್ನು ಕಂಡವರಿಗೆ ಅವನ ಸಿಟ್ಟು ಅರ್ಥವಾಗುತ್ತದೆ. ೨೦೧೬ರಲ್ಲಿ ಕಾರ್ನ್‌ವಾಲಿನ ಒಂದು ಕೊಟ್ಟಿಗೆಯಲ್ಲಿ ದಶಕಗಳ ಕಾಲ ತುಕ್ಕು ಹಿಡಿದು ಬಿದ್ದಿದ್ದ ಬ್ರೌ ಸುಪೀರಿಯರ್ ಗಾಡಿಗಳು ಹರಾಜಿಗೆ ಬಂದಾಗ, ೧೯೩೮ರ ಒಂದು ಗಾಡಿ ೩,೩೧,೯೦೦ ಪೌಂಡಿಗೆ ಹೋಯಿತು. ಕೊಂಡವರು ಬೆಲೆ ಕೊಟ್ಟದ್ದು ಹೊಳಪಿಗಲ್ಲ.

ಆದರೆ ಒರೆಸಿ ಇಡುವುದಕ್ಕೂ ಏನೂ ಉಳಿಯದಿದ್ದರೆ? ೨೦೦೩ರ ಸೆಪ್ಟೆಂಬರ್ ೧೬ರಂದು ಬರ್ಮಿಂಗ್‌ಹ್ಯಾಮಿನ ಬಳಿಯ ರಾಷ್ಟ್ರೀಯ ಮೋಟಾರ್ ಸೈಕಲ್ ಮ್ಯೂಸಿಯಮ್ಮಿಗೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಗಾಡಿಗಳು ಸುಟ್ಟವು. ಇಂಥ ಬೆಂಕಿಯಲ್ಲಿ ಉಕ್ಕಿನ ಚೌಕಟ್ಟು ಉಳಿದೀತು, ಅಲ್ಯೂಮಿನಿಯಮ್ ಕರಗಿ ನೆಲಕ್ಕೆ ಹರಿಯುತ್ತದೆ. ಮರುವರ್ಷದ ಡಿಸೆಂಬರಿನಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು. ಸುಟ್ಟ ಗಾಡಿಗಳಲ್ಲಿ ಅನೇಕವನ್ನು ಪುನಃ ಕಟ್ಟಿ ನಿಲ್ಲಿಸಿದರು. ಇವು ಹಳೆಯ ಗಾಡಿಗಳೋ, ಹೊಸವೋ? ಈ ಪ್ರಶ್ನೆ ಈಗ ಕಾನೂನಿನ ಬಾಗಿಲಿಗೂ ಬಂದಿದೆ. ನಲವತ್ತು ವರ್ಷ ದಾಟಿದ ವಾಹನಕ್ಕೆ ವಾರ್ಷಿಕ ತಪಾಸಣೆಯಿಂದ ಬ್ರಿಟನ್ನು ೨೦೧೮ರಲ್ಲಿ ವಿನಾಯಿತಿ ಕೊಟ್ಟಾಗ, ಗಣನೀಯವಾಗಿ ಬದಲಾಗಿರಬಾರದು ಎಂಬ ಷರತ್ತನ್ನು ಹಾಕಿತು. ನಮ್ಮ ಕೇಂದ್ರ ಸರಕಾರ ೨೦೨೧ರಲ್ಲಿ ತಂದ ನಿಯಮವೂ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನೇ ‘ವಿಂಟೇಜ್’ ಎಂದು ಒಪ್ಪುತ್ತದೆ.

ಗ್ರಂಥಸಂಪಾದನೆಯಲ್ಲಿ ಈ ಬಗೆಯ ಕಷ್ಟಕ್ಕೆ ಒಂದು ದಾರಿಯಿದೆ. ಒಳ್ಳೆಯ ಸಂಪಾದಕ ಲುಪ್ತವಾದ ಅಕ್ಷರವನ್ನು ಊಹಿಸಿ ತುಂಬುತ್ತಾನೆ, ಆದರೆ ಕಂಸದಲ್ಲಿಟ್ಟು ತುಂಬುತ್ತಾನೆ. ತಾನು ಬಿಟ್ಟ ಪಾಠಾಂತರವನ್ನು ಅಡಿಯಲ್ಲಿ ಕೊಡುತ್ತಾನೆ. ಗಾಡಿಯ ಜೀರ್ಣೋದ್ಧಾರ ಮಾಡುವವನೂ ಹಾಗೆಯೇ ಒಂದು ನೋಟುಬುಕ್ಕು ಇಡಬೇಕು. ಯಾವ ಭಾಗ ಹಳೆಯದು, ಯಾವುದನ್ನು ಲೇತಿನಲ್ಲಿ ಹೊಸದಾಗಿ ಮಾಡಿಸಿದ್ದು, ಯಾವ ಬಣ್ಣದ ಕೆಳಗೆ ಯಾವ ಬಣ್ಣವಿತ್ತು ಎಂದು ಬರೆದು ಗಾಡಿಯ ಜೊತೆಗೆ ಕೊಡಬೇಕು. ಬ್ರೇಕಿನ ಹೊಸ ಲೈನಿಂಗು, ಹೊಸ ಟೈರು ಪ್ರಾಣರಕ್ಷಣೆಯ ವಿಷಯ, ಅಲ್ಲಿ ವಾದವಿಲ್ಲ. ಸುಳ್ಳು ಹುಟ್ಟುವುದು ಬದಲಾಯಿಸುವುದರಲ್ಲಲ್ಲ, ಬದಲಾಯಿಸಿದ್ದನ್ನು ಮರೆಮಾಚುವುದರಲ್ಲಿ.

ಮುಂದಿನ ದಿನಗಳು ಸುಲಭವಲ್ಲ. ಇಂದಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ಹಳೆಯ ರಬ್ಬರನ್ನೂ ಫೈಬರ್‌ಗ್ಲಾಸ್ ಟ್ಯಾಂಕನ್ನೂ ತಿನ್ನುತ್ತದೆ. ಅದಕ್ಕೆ ಉಪಾಯವಿದೆ. ಉಪಾಯವಿಲ್ಲದ್ದು ಇನ್ನೊಂದಕ್ಕೆ: ಮೆರಿಡನ್ನಿನಲ್ಲಿ ಹರೆಯದಲ್ಲಿ ಕೆಲಸ ಮಾಡಿದವರಿಗೆ ಈಗ ಇಳಿವಯಸ್ಸು. ನಮ್ಮ ಬುಲೆಟ್ ಮೇಸ್ತ್ರಿಗಳಲ್ಲಿಯೂ ಶಬ್ದ ಕೇಳಿ ದೋಷ ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಬಿಡಿಭಾಗವನ್ನು ಎಲ್ಲಿಯಾದರೂ ಮಾಡಿಸಬಹುದು. ನಟ್ಟು ಎಷ್ಟು ಬಿಗಿದರೆ ಸಾಕು ಎಂಬುದು ಕೈಯಿಂದ ಕೈಗೆ ಮಾತ್ರ ಬರುವ ವಿದ್ಯೆ. ಹಳೆಯ ಗಾಡಿಯನ್ನು ಕೊಳ್ಳಲು ಹಣ ಕೂಡಿಸುವವರು ಅದರಲ್ಲೊಂದು ಪಾಲನ್ನು ಇಂಥ ಮೇಸ್ತ್ರಿಯ ಬಳಿ ಒಬ್ಬ ಹುಡುಗನನ್ನು ಕೆಲಸಕ್ಕೆ ಕೂರಿಸಲು ತೆಗೆದಿಟ್ಟರೆ, ದತ್ತಿ ಬಿಟ್ಟ ಹಿರಿಯರ ವಿವೇಕ ನಮ್ಮಲ್ಲಿಯೂ ಉಳಿದಿದೆ ಎನ್ನಬಹುದು.