ಐದು ಗಂಟೆಯ ಗೆರೆ: ಪೂರ್ಣಾವಧಿ, ಅರೆಕಾಲಿಕ ದುಡಿಮೆ ಮತ್ತು ಬಿಡುವಿನ ಹಕ್ಕು

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 55ನೇ ಕಲಮಿನ ಲೆಕ್ಕ ಸರಳವಾಗಿತ್ತು: ವಯಸ್ಕ ಕಾರ್ಮಿಕರಿಂದ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ಹೊತ್ತು ದುಡಿಸಬಾರದು; ಆ ಹೊತ್ತು ಮೀರುವ ಮೊದಲು ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಐದು ಗಂಟೆಗೇ ಗೆರೆ ಎಳೆದು, ಬಿಡುವನ್ನು ಒಂದು ಗಂಟೆಗೆ ಏರಿಸಿದೆ. ಎಂಟೊಂಬತ್ತು ಗಂಟೆ ದುಡಿಯುವ ಪೂರ್ಣಾವಧಿ ನೌಕರರು ಈ ಗೆರೆ ದಾಟದೆ ದಿನ ಮುಗಿಸಲಾರರು. ಹಾಗಾಗಿ ಬಿಡುವು ಅವರಿಗೆ ಕೇಳದೆಯೇ ಸಲ್ಲುತ್ತದೆ. ನಾಲ್ಕೂವರೆ ಗಂಟೆಯ ಪಾಳಿಯವರಿಗೆ ಸಲ್ಲುವುದಿಲ್ಲ. ಇಷ್ಟೇ ಆಗಿದ್ದರೆ ತಕರಾರಿಗೆ ಎಡೆಯಿರಲಿಲ್ಲ. ನಾಲ್ಕೂವರೆ ಗಂಟೆ ದುಡಿದು ಮನೆಗೆ ಹೋಗುವವರು ಊಟವನ್ನು ಮನೆಯಲ್ಲೇ ಮಾಡಿಯಾರು. ತೊಡಕಿರುವುದು, ಅಂಥ ಎರಡು ಮೂರು ಕೆಲಸಗಳನ್ನು ಬೇರೆ ಬೇರೆ ಧಣಿಗಳ ಬಳಿ ಒಂದೇ ದಿನ ಮಾಡುವವರ ವಿಷಯದಲ್ಲಿ. ಅವರ ಮೈ ಒಂಬತ್ತು ಗಂಟೆ ದಣಿದಿರುತ್ತದೆ, ಕಾನೂನಿನ ಗಡಿಯಾರ ಮಾತ್ರ ಪ್ರತಿ ಬಾಗಿಲಲ್ಲೂ ಸೊನ್ನೆಯಿಂದ ಶುರುವಾಗುತ್ತದೆ.

ಈ ಲೋಪವನ್ನು ಕಾನೂನು ಬರೆದವರ ಅಜಾಗರೂಕತೆ ಎನ್ನುವುದು ಸುಲಭ. ನನ್ನ ವಾದ ಬೇರೆ. ಭಾರತದಲ್ಲಿ ಬಿಡುವು ಹುಟ್ಟಿದ್ದು ಗಿರಣಿಯ ಎಂಜಿನ್ ನಿಲ್ಲುವ ಹೊತ್ತಾಗಿ. ಅದು ಜಾಗಕ್ಕೆ ಅಂಟಿಕೊಂಡ ಹಕ್ಕು, ಆಳಿಗೆ ಅಂಟಿಕೊಂಡದ್ದಲ್ಲ. ಪೂರ್ಣಾವಧಿಯ ದುಡಿಮೆಯಲ್ಲಿ ಜಾಗವೂ ಆಳೂ ದಿನವಿಡೀ ಒಂದೇ ಕಡೆ ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ದುಡಿಮೆ ತುಂಡಾದಾಗ ಬೀಳುತ್ತದೆ.

1881ರ ಮೊದಲ ಕಾರ್ಖಾನೆ ಕಾಯ್ದೆ ಬಿಡುವನ್ನು ಕೊಟ್ಟದ್ದು ಮಕ್ಕಳಿಗೆ ಮಾತ್ರ: ಏಳರಿಂದ ಹನ್ನೆರಡು ವರ್ಷದೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ, ನಡುವೆ ಒಂದು ಗಂಟೆಯ ವಿರಾಮ. ದೊಡ್ಡವರು ಎಷ್ಟು ದುಡಿದರೂ ಅದಕ್ಕೆ ಕೇಳುವವರಿರಲಿಲ್ಲ. 1884ರಲ್ಲಿ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಸೇರಿಸಿ ಸಿದ್ಧಪಡಿಸಿದ ಬೇಡಿಕೆಗಳಲ್ಲಿ ವಾರಕ್ಕೊಂದು ರಜೆಯ ಜೊತೆಗೆ ಮಧ್ಯಾಹ್ನದ ಅರ್ಧ ಗಂಟೆಯ ಬಿಡುವೂ ಇತ್ತು. 1891ರ ತಿದ್ದುಪಡಿ ಅದನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಬಗೆಯನ್ನು ಗಮನಿಸಬೇಕು: ನಡುಮಧ್ಯಾಹ್ನ ಅರ್ಧ ಗಂಟೆ ಗಿರಣಿಯ ಕೆಲಸವೇ ನಿಲ್ಲಬೇಕು ಎಂಬ ವಿಧಿ ಅದು. ಒಬ್ಬೊಬ್ಬ ಕಾರ್ಮಿಕ ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಉಗಿಯಂತ್ರದ ಗಿರಣಿಯಲ್ಲಿ ಇದು ವ್ಯಾವಹಾರಿಕವಾಗಿತ್ತು. ಎಲ್ಲರೂ ಒಟ್ಟಿಗೆ ನಿಲ್ಲಬೇಕು, ಇಲ್ಲವೇ ಯಾರೂ ನಿಲ್ಲಬಾರದು.

ಆಮೇಲಿನ ಐದು ದಶಕಗಳ ಹೋರಾಟವೆಲ್ಲ ನಡೆದದ್ದು ಗಂಟೆಗಳ ಮೊತ್ತದ ಸುತ್ತ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಮೊದಲ ಒಡಂಬಡಿಕೆ ಜಗತ್ತಿಗೆ ವಾರಕ್ಕೆ 48 ಗಂಟೆ ಎಂದು ವಿಧಿಸಿ, ಬ್ರಿಟಿಷ್ ಇಂಡಿಯಾಕ್ಕೆ 60 ಗಂಟೆಯ ಪ್ರತ್ಯೇಕ ವಿನಾಯಿತಿ ಇಟ್ಟಿತು. 1922ರಲ್ಲಿ ಆ 60 ಇಲ್ಲಿನ ಕಾಯ್ದೆಯೊಳಗೆ ಬಂತು, 1934ರಲ್ಲಿ 54 ಆಯಿತು. ಅಂಬೇಡ್ಕರ್ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದ ಅವಧಿಯ ಕೊನೆಗೆ, 1946ರ ತಿದ್ದುಪಡಿಯಲ್ಲಿ, 48ಕ್ಕೆ ಇಳಿಯಿತು. ಒಟ್ಟು ಗಂಟೆ ಇಳಿಯುತ್ತ ಬಂದರೂ ಬಿಡುವು ಜಾಗಕ್ಕೆ ಅಂಟಿಕೊಂಡೇ ಉಳಿಯಿತು. 1948ರಲ್ಲಿ ಸ್ವತಂತ್ರ ಭಾರತ ಬರೆದುಕೊಂಡ ಕಾಯ್ದೆಯೂ ಕಾರ್ಖಾನೆಯ ಆವರಣದೊಳಗಿನ ಗಡಿಯಾರವನ್ನೇ ನೋಡಿತು.

ಕಾನೂನು ಏನನ್ನು ದಿನಗಳಲ್ಲಿ ಎಣಿಸುತ್ತದೆ, ಏನನ್ನು ಗಂಟೆಗಳಲ್ಲಿ ಎಣಿಸುತ್ತದೆ ಎಂದು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾರ್ಖಾನೆ ಕಾಯ್ದೆಯ ವಾರ್ಷಿಕ ರಜೆಗೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು. ಹೆರಿಗೆ ಸೌಲಭ್ಯಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ. ದಿನಕ್ಕೆ ನಾಲ್ಕು ಗಂಟೆಯ ಕೆಲಸವೂ ಒಂದು ದಿನವೇ. ಆದ್ದರಿಂದ ಈ ಹಕ್ಕುಗಳಲ್ಲಿ ಅರೆಕಾಲಿಕ ನೌಕರರು ಪೂರ್ಣಾವಧಿಯವರ ಪಕ್ಕದಲ್ಲೇ ನಿಲ್ಲುತ್ತಾರೆ. ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಸಲ್ಲುವುದಕ್ಕೂ ಗಂಟೆಯ ಷರತ್ತಿಲ್ಲ. ಹಾಲುಣಿಸುವ ಬಿಡುವು ಆ ತಾಯಿಗೇ ಅಂಟಿಕೊಂಡದ್ದು. ಊಟದ ಬಿಡುವಿಗೆ ಈ ಭಾಗ್ಯವಿಲ್ಲ.

ಇದರಲ್ಲಿ ಭಾರತ ಒಂಟಿಯಲ್ಲ. ಯುರೋಪಿನ 2003ರ ಕೆಲಸದ ಅವಧಿಯ ನಿರ್ದೇಶನ ಆರು ಗಂಟೆಗಿಂತ ಉದ್ದದ ದಿನಕ್ಕೆ ಮಾತ್ರ ಬಿಡುವು ಕಡ್ಡಾಯ ಮಾಡುತ್ತದೆ; ಬ್ರಿಟನ್ನಿನಲ್ಲಿ ಅದು ಇಪ್ಪತ್ತು ನಿಮಿಷ. ಅರೆಕಾಲಿಕರಿಗೆ ಪೂರ್ಣಾವಧಿಯವರಿಗೆ ಸಮನಾದ ರಕ್ಷಣೆ ಬೇಕೆಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1994ರ 175ನೇ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಅನುಮೋದಿಸಿದ್ದರೂ ಈ ಗೆರೆ ಅಳಿಯುತ್ತಿತ್ತೆ ಎಂಬುದು ಅನುಮಾನ.

ಹಾಗೆಂದು ಇಬ್ಬರು ಧಣಿಗಳ ಬಳಿಯ ದುಡಿಮೆಯನ್ನು ಕೂಡಿಸುವುದು ನಮ್ಮ ಕಾನೂನಿಗೆ ಗೊತ್ತೇ ಇರಲಿಲ್ಲವೆನ್ನುವಂತಿಲ್ಲ. ಅದೇ ಕಾರ್ಖಾನೆ ಕಾಯ್ದೆಯ 60ನೇ ಕಲಮು, ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಬಾರದು ಎನ್ನುತ್ತಿತ್ತು. ದಣಿವು ಗೇಟಿನಾಚೆಗೂ ಹೋಗುತ್ತದೆಂದು ಶಾಸನಕರ್ತರಿಗೆ ತಿಳಿದಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ನಿಷೇಧ. ಒಂದೇ ಕೆಲಸದಲ್ಲಿ ಹೊಟ್ಟೆ ತುಂಬದವರಿಗೆ ನಿಷೇಧದಿಂದ ಬಿಡುವು ಸಿಗುವುದಿಲ್ಲ.

ಇನ್ನೊಂದು ಅಳತೆಗೋಲೂ ಇದೆ. ಕೆಲಸ ಶುರುವಾದ ಹೊತ್ತಿನಿಂದ ಕೊನೆಯಾಗುವ ಹೊತ್ತಿನವರೆಗಿನ ಒಟ್ಟು ಹರವು. ಕಾರ್ಖಾನೆ ಕಾಯ್ದೆಯಲ್ಲಿ ಅದು ಹತ್ತೂವರೆ ಗಂಟೆಯಾಗಿತ್ತು, ಅಂಗಡಿ ಹೋಟೆಲುಗಳಲ್ಲಿ ಹನ್ನೆರಡು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕ ನಿರ್ವಾಹಕರ ದಿನವನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದೆಂದೂ ಹೇಳುತ್ತಿತ್ತು. ಈಗ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ತಿಂಡಿಯ ಗಿರಾಕಿ, ಸಂಜೆ ನಾಲ್ಕರಿಂದ ಏಳರವರೆಗೆ ಕಾಫಿಯ ಗಿರಾಕಿ ಇರುವ ಒಂದು ದರ್ಶಿನಿಯನ್ನು ಊಹಿಸಿಕೊಳ್ಳಿ. ಮಾಣಿಯ ದುಡಿಮೆ ಏಳು ಗಂಟೆ, ಹರವು ಹನ್ನೆರಡು ಗಂಟೆ, ಯಾವ ತುಂಡೂ ಐದು ಗಂಟೆ ಮುಟ್ಟಿಲ್ಲ. ಲೆಕ್ಕ ಅಚ್ಚುಕಟ್ಟು. ನಡುವಿನ ಐದು ಗಂಟೆ ಸಂಬಳವಿಲ್ಲದ ಹೊತ್ತು. ಮನೆ ದೂರವಿದ್ದವರು ಅದನ್ನು ಅಡುಗೆಮನೆಯ ಹಿಂದಿನ ಮೂಟೆಗಳ ನಡುವೆ ಕಳೆಯುತ್ತಾರೆ. ಕಾನೂನು ಇದನ್ನು ಬಿಡುವೆನ್ನುತ್ತದೆ. ಇದು ಕಾಯುವಿಕೆ ಎನ್ನುವುದಕ್ಕೆ ಆಧಾರ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅನ್ವಯಿಸುತ್ತಿದ್ದ ಆ ಕಾಯ್ದೆ, ಕೆಲಸಕ್ಕಾಗಿ ಕಾದ ಹೊತ್ತನ್ನೂ ಹನ್ನೆರಡು ಗಂಟೆಯ ಹರವಿನೊಳಗೆ ಹೆಸರಿಸಿಯೇ ಸೇರಿಸಿತ್ತು. ತೋಟದ ಆಳಿಗೆ ಸಂದ ಈ ಸೂಕ್ಷ್ಮ ಪೇಟೆಯ ಮಾಣಿಗೆ ಯಾಕೆ ಸಲ್ಲಲಿಲ್ಲವೋ!

ಅಂಗನವಾಡಿಯ ಮಧ್ಯಾಹ್ನ

ಅರೆಕಾಲಿಕ ಎಂಬ ಹಣೆಪಟ್ಟಿ ಗಂಟೆಗಳಿಂದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗಿಂತ ಒಳ್ಳೆಯ ನಿದರ್ಶನ ಸಿಗುವುದಿಲ್ಲ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅವರನ್ನು ಗೌರವಧನ ಪಡೆಯುವ ಸ್ಥಳೀಯ ಸೇವಾಕರ್ತೆಯರೆಂದು ಕಲ್ಪಿಸಿಕೊಂಡಿತ್ತು. ಕರ್ನಾಟಕ ರಾಜ್ಯ ಮತ್ತು ಅಮೀರಬಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ, ಅವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು. ಆ ತೀರ್ಪಿನ ನೆರಳು ಹದಿನೈದು ವರ್ಷ ಉಳಿಯಿತು.

ಅಷ್ಟರಲ್ಲಿ ಕೆಲಸ ಬೆಳೆಯುತ್ತ ಹೋಯಿತು. ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ, ತೂಕ ನೋಡುವುದು, ಲಸಿಕೆಗೆ ಕರೆತರುವುದು, ಮನೆ ಭೇಟಿ, ದಾಖಲೆ ಪುಸ್ತಕ, ಆಮೇಲೆ ಮೊಬೈಲಿನಲ್ಲಿ ಅದೇ ದಾಖಲೆ. 2013ರ ಆಹಾರ ಭದ್ರತಾ ಕಾಯ್ದೆ ಬಿಸಿ ಅನ್ನವನ್ನು ಹಕ್ಕಾಗಿಸಿತು. 2017ರ ಅಕ್ಟೋಬರಿನಿಂದ ಕರ್ನಾಟಕದ ಮಾತೃಪೂರ್ಣ ಯೋಜನೆ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಮಧ್ಯಾಹ್ನದ ಊಟಕ್ಕೆ ಕೇಂದ್ರಕ್ಕೇ ಕರೆಯಿತು. ಯೋಜನೆ ಒಳ್ಳೆಯದೇ. ಆದರೆ ಮಿಕ್ಕ ನೌಕರರು ಬುತ್ತಿ ಬಿಚ್ಚುವ ಹೊತ್ತು ಇವರಿಗೆ ದಿನದ ಅತಿ ಬಿರುಸಿನ ಹೊತ್ತು: ಬೇಯಿಸಬೇಕು, ಬಡಿಸಬೇಕು, ಚಿಕ್ಕವರಿಗೆ ತಿನ್ನಿಸಬೇಕು, ಪಾತ್ರೆ ತೊಳೆಯಬೇಕು. ಶಾಲೆಗಳ ಬಿಸಿಯೂಟದ ಅಡುಗೆಯವರ ಪಾಡೂ ಇದೇ. ಇವರು ಐದು ಗಂಟೆಯ ಗೆರೆ ದಾಟಿದರೂ ಬಿಡುವು ಬರುವುದಿಲ್ಲ. ಅಂಗನವಾಡಿ ಕಾರ್ಖಾನೆಯೂ ಅಲ್ಲ, ಅಂಗಡಿಯೂ ಅಲ್ಲ.

2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಮಗನ್‌ಭಾಯಿ ಭಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲುತ್ತದೆಂದು ತೀರ್ಪಿತ್ತರು. ಓಕಾ ಅವರ ತೀರ್ಪು ಕರ್ತವ್ಯಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡು, ಇದು ಅರೆಕಾಲಿಕ ಕೆಲಸವೆಂಬ ಸರ್ಕಾರದ ವಾದವನ್ನು ತಳ್ಳಿಹಾಕಿತು. ಕೆಲಸವನ್ನು ಅಳೆಯಬೇಕಾದದ್ದು ಅದರೊಳಗಿರುವ ಕರ್ತವ್ಯಗಳಿಂದ ಎಂಬ ಈ ನಿಲುವು ಗ್ರಾಚ್ಯುಟಿಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ದಿನದ ಬಿಡುವು ಆ ನ್ಯಾಯಾಲಯದ ಮುಂದಿರಲಿಲ್ಲ. ಆದರೆ ಅದೇ ತರ್ಕ ಹಿಡಿದರೆ, ಮಧ್ಯಾಹ್ನದ ಅಡುಗೆ ಯಾರದೋ ಊಟವಾಗುವ ಕಡೆ ಅಡುಗೆಯವರ ಊಟಕ್ಕೆ ಬೇರೆ ಹೊತ್ತು ಗೊತ್ತುಪಡಿಸಬೇಕಾಗುತ್ತದೆ.

ಗೆರೆ ಸರಿಯುತ್ತಿರುವ ದಿಕ್ಕು

ಪೂರ್ಣಾವಧಿಯವರ ಬಿಡುವೇನೂ ಭದ್ರವಾಗಿಲ್ಲ. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುವಾಗ ಊಟದ ಅರ್ಧ ಗಂಟೆಯಲ್ಲಿ ಸಾಲು, ಕೈತೊಳೆಯುವುದು, ಶೌಚಾಲಯ ಎಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈಚಿನ ತಿದ್ದುಪಡಿಗಳು ಈ ಅರ್ಧ ಗಂಟೆಯ ಸುತ್ತಲಿನ ದಿನವನ್ನೇ ಹಿಗ್ಗಿಸಿವೆ. 2020ರ ಮೇ 22ರಂದು ಕರ್ನಾಟಕ ಸರ್ಕಾರ ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಅವಕಾಶ ಕೊಟ್ಟು, ವಿಷಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಜೂನಿನಲ್ಲಿ ಹಿಂತೆಗೆದುಕೊಂಡಿತು. ದಿನಕ್ಕೆ 12 ಗಂಟೆ ಎಂದಿದ್ದ ಗುಜರಾತಿನ ಅಧಿಸೂಚನೆಯನ್ನು ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದುಮಾಡಿತು. 2023ರಲ್ಲಿ ಕರ್ನಾಟಕ ಶಾಸನದ ದಾರಿಯಲ್ಲೇ ಬಂತು: ವಾರಕ್ಕೆ 48ರ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ, ಬಿಡುವಿಲ್ಲದ ದುಡಿಮೆ ಆರು ಗಂಟೆಯವರೆಗೆ, ಕಾರ್ಮಿಕರ ಲಿಖಿತ ಒಪ್ಪಿಗೆಯ ಮೇಲೆ. ಕೇಳಿದವರು ಸೂಪರ್‌ವೈಸರ್ ಆಗಿರುವಾಗ ಸಹಿ ಹಾಕದೆ ಉಳಿಯುವವರೆಷ್ಟು ಮಂದಿ?

ಇದಕ್ಕಿಂತ ಮೂಲಭೂತವಾದ ಬದಲಾವಣೆ ಹಳೆಯ ಕಾಯ್ದೆಗಳ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿದೆ. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯ 25ನೇ ಕಲಮು ದಿನಕ್ಕೆ ಎಂಟು ಗಂಟೆ ಎಂದು ತಾನೇ ಹೇಳಿ, ಬಿಡುವನ್ನೂ ಹರವನ್ನೂ ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. 1891ರಿಂದ ಶಾಸನದ ಒಡಲಲ್ಲೇ ಇದ್ದ ಅರ್ಧ ಗಂಟೆ ಹೀಗೆ ಅಧಿಸೂಚನೆಗೆ ಇಳಿಯಿತು. ಶಾಸನಸಭೆಯ ಚರ್ಚೆಯಿಲ್ಲದೆ ಅದನ್ನು ಬದಲಿಸಬಹುದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ ಈ ಸಂಹಿತೆ ಸಾಮಾನ್ಯವಾಗಿ ಕಾಲಿಡುವುದೂ ಇಲ್ಲ.

ಹಾಗಾದರೆ ನಾಲ್ಕು ಮನೆಗಳಲ್ಲಿ ತಲಾ ಒಂದೂವರೆ ಗಂಟೆ ಪಾತ್ರೆ, ನೆಲ, ಬಟ್ಟೆ ಎಂದು ದುಡಿಯುವ ಹೆಂಗಸಿಗೆ ದಾರಿಯೆಲ್ಲಿ? ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲಿ. ನನಗೆ ದಾರಿ ಕಾಣುವುದು ಆ ವೇತನದ ಬದಿಯಲ್ಲಿ. 2019ರ ವೇತನ ಸಂಹಿತೆಯ 13ನೇ ಕಲಮಿನಡಿ ಸರ್ಕಾರ ಗೊತ್ತುಪಡಿಸುವ ಸಾಮಾನ್ಯ ಕೆಲಸದ ದಿನ ಬಿಡುವನ್ನೂ ಒಳಗೊಂಡದ್ದು. ಅಲ್ಲಿ ಹತ್ತು ಜನರ ಷರತ್ತಿಲ್ಲ. ಎಂಟು ಗಂಟೆಯ ದಿನದಲ್ಲಿ ಅರ್ಧ ಗಂಟೆ ಬಿಡುವಿದ್ದರೆ, ದಿನದ ಕೂಲಿ ಏಳೂವರೆ ಗಂಟೆಯ ದುಡಿಮೆಯ ಬೆಲೆ. ಗಂಟೆಯ ದರ ಕಟ್ಟುವಾಗ ಎಂಟರಿಂದ ಭಾಗಿಸುವುದು ಅರೆಕಾಲಿಕರ ಪಾಲಿನ ಬಿಡುವನ್ನು ನುಂಗಿದಂತೆ. ಏಳೂವರೆಯಿಂದ ಭಾಗಿಸಿದರೆ ದರ ಶೇಕಡಾ 6.7ರಷ್ಟು ಏರುತ್ತದೆ. ಒಂದೂವರೆ ಗಂಟೆಯ ಮನೆಯೊಂದರ ಪಾಲಿಗೆ ಅದು ಆರು ನಿಮಿಷ, ನಾಲ್ಕು ಮನೆಗೆ ಇಪ್ಪತ್ತನಾಲ್ಕು.

ಆರು ನಿಮಿಷದಲ್ಲಿ ಯಾರೂ ಊಟ ಮಾಡಲಾರರು. ಇಪ್ಪತ್ತನಾಲ್ಕು ನಿಮಿಷ ಒಂದೆಡೆ ಸೇರಬೇಕಾದರೆ ನಾಲ್ಕು ಮನೆಗಳ ಹೊತ್ತನ್ನು ಕೂಡಿಸುವ ದಾಖಲೆ ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಂಥ ದಾಖಲೆ ಈಗಾಗಲೇ ಇದೆ: ಕೆಲಸದವರು ಒಳಬಂದ, ಹೊರಹೋದ ನಿಮಿಷವನ್ನು ಗೇಟಿನ ಆಪ್ ಬರೆದಿಡುತ್ತದೆ. ಅದು ನಿವಾಸಿಗಳ ಫೋನಿಗೆ ಹೋಗುತ್ತದೆ, ದುಡಿದವರ ಕೈಗೆ ಬರುವುದಿಲ್ಲ. ಬಂದರೂ, ಕೂಡಿ ಬಂದ ಬಿಡುವಿನ ವೆಚ್ಚವನ್ನು ಯಾವ ಮನೆ ಹೊರಬೇಕು, ಆ ಇಪ್ಪತ್ತನಾಲ್ಕು ನಿಮಿಷ ಆಕೆ ಎಲ್ಲಿ ಕೂರಬೇಕು ಎಂಬ ಎರಡು ಪ್ರಶ್ನೆಗಳಿಗೆ ಕನಿಷ್ಠ ವೇತನದ ಅಧಿಸೂಚನೆ ಉತ್ತರ ಬರೆಯಬೇಕಾಗುತ್ತದೆ.